ಎಲ್ಲರನ್ನೂ ಒಳಗೊಳ್ಳುವ ನಾಟಕ ತಂಡ ಕಟ್ಟುವುದು, ಕಲಾವಿದರಿಗೆ ಸಂಬಳ ಕೊಡುವುದು: ಒಂದು ಸಮಗ್ರ ಮಾರ್ಗದರ್ಶಿ

ಅಂಗವೈಕಲ್ಯ ಇರುವವರು ನಾಟಕ ಮಾಡಿದರೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಕೈಗೊಂದು ಪ್ರಮಾಣಪತ್ರ ಬರುತ್ತದೆ, ಗ್ರೂಪ್ ಫೋಟೊ ಆಗುತ್ತದೆ. ಅದೇ ನಾಟಕಕ್ಕೆ ಲೈಟ್ ಮಾಡಿದವರಿಗೆ, ಸೌಂಡ್ ಕೊಟ್ಟವರಿಗೆ, ಸೆಟ್ ಸಾಗಿಸಿದ ವ್ಯಾನಿನವರಿಗೆ ಬಿಲ್ ಪ್ರಕಾರ ದುಡ್ಡು ಸಂದಾಯವಾಗಿರುತ್ತದೆ. ರಂಗದ ಮೇಲೆ ನಿಂತವರಿಗೆ ಮಾತ್ರ ಇಲ್ಲ. ಕೇಳಿದರೆ, "ಅವರಿಗೆ ಖುಷಿ ಸಿಗುತ್ತದಲ್ಲ" ಎನ್ನುತ್ತಾರೆ.

ಖುಷಿ ಲೈಟ್‌ನವರಿಗೂ ಸಿಗುತ್ತದೆ, ಅಲ್ವಾ?

ಹದಿನೆಂಟು ದಾಟಿದ ಕಲಾವಿದರಿಗೆ ದುಡಿಮೆಗೆ ತಕ್ಕ ಹಣ ಕೊಟ್ಟು, ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ರಂಗದಲ್ಲಿ ಕೆಲಸ ಮಾಡುವ ಸಣ್ಣ ತಂಡ ಕಟ್ಟಬೇಕು ಎಂದುಕೊಂಡವರಿಗೆ ಈ ಬರಹ. ಇದು ಹಗಲುಗನಸಲ್ಲ. ಆಸ್ಟ್ರೇಲಿಯಾದ ಜಿಲಾಂಗ್‌ನಲ್ಲಿ 1987ರಲ್ಲಿ ಶುರುವಾದ ಬ್ಯಾಕ್ ಟು ಬ್ಯಾಕ್ ಥಿಯೇಟರ್‌ನ ಕೇಂದ್ರದಲ್ಲಿ ಇರುವವರು ಬೌದ್ಧಿಕ ಅಂಗವೈಕಲ್ಯ ಇರುವ ವೃತ್ತಿಪರ ನಟರು. ಆ ತಂಡಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಬಂತು. 2024ರಲ್ಲಿ ಇಟಲಿಯ ದೊಡ್ಡ ಕಲಾ ಉತ್ಸವ ವೆನಿಸ್ ಬಿಯೆನಾಲೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಕೊಟ್ಟಿತು. ಸ್ವೀಡನ್ನಿನ ಮಾಲ್ಮೊದಲ್ಲಿರುವ ಮೂಮ್ಸ್‌ಟಿಯಾಟರ್ನ್ ತನ್ನ ನಟರನ್ನು ಸಂಬಳದ ಉದ್ಯೋಗಿಗಳಾಗಿ ಇಟ್ಟುಕೊಂಡಿದೆ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲೂ ಈ ವಿಷಯ ಇದೆ. ಅದರ 27ನೇ ವಿಧಿ ದುಡಿಯುವ ಹಕ್ಕಿನ ಬಗ್ಗೆ, 30ನೇ ವಿಧಿ ಸಾಂಸ್ಕೃತಿಕ ಬದುಕಿನ ಬಗ್ಗೆ. ನಾಟಕ ತಂಡಕ್ಕೆ ಎರಡೂ ಸೇರಿಯೇ ಅನ್ವಯಿಸುತ್ತವೆ.

1. ತೀರ್ಮಾನ ಮಾಡುವವರು ಯಾರು?

ಮೊದಲ ಸಭೆಗೆ ಕುರ್ಚಿ ಹಾಕುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ತಂಡದ ಹೆಸರು, ದುಡ್ಡು, ನಾಟಕದ ಆಯ್ಕೆ ಎಲ್ಲವನ್ನೂ ಅಂಗವೈಕಲ್ಯ ಇಲ್ಲದ ನಾಲ್ಕು ಜನ ನಿರ್ಧರಿಸಿ, ಆಮೇಲೆ ನಟರನ್ನು ಕರೆದರೆ ಅದು ಬೇರೆಯೇ ತಂಡವಾಗುತ್ತದೆ. ಅಂಗವೈಕಲ್ಯ ಇರುವ ಕಲಾವಿದರ ತಂಡವಾದ ಲಂಡನ್ನಿನ ಗ್ರೇಐ ಥಿಯೇಟರ್ ಕಂಪನಿಯನ್ನು 1980ರಲ್ಲಿ ಕಟ್ಟಿದ ಇಬ್ಬರಲ್ಲಿ ನಬಿಲ್ ಶಬಾನ್ ಸ್ವತಃ ವೀಲ್‌ಚೇರ್ ಬಳಸುವ ನಟ. ಜೊತೆಗಿದ್ದವರು ರಿಚರ್ಡ್ ಟಾಮ್ಲಿನ್ಸನ್. ಆಮೇಲೆ ಅದನ್ನು ಹಲವು ವರ್ಷ ಮುನ್ನಡೆಸಿದ ಜೆನ್ನಿ ಸೀಲಿ ಕಿವುಡ ನಿರ್ದೇಶಕಿ. ಆ ತಂಡದ ನಾಟಕಗಳ ರೂಪವೇ ಬೇರೆಯಾಗಿದ್ದಕ್ಕೆ ಇದೂ ಒಂದು ಕಾರಣ.

ಸಣ್ಣ ತಂಡಕ್ಕೆ ಐದು ಜನರ ಸಮಿತಿ ಸಾಕು. ಅದರಲ್ಲಿ ಮೂವರಾದರೂ ಅಂಗವೈಕಲ್ಯ ಇರುವವರಾಗಿರಲಿ. ಅವರಲ್ಲಿ ಒಬ್ಬರಾದರೂ ನಟರಾಗಿರಲಿ. ಸಮಿತಿಯ ಸಭೆಗೆ ಉಳಿದವರು ಸಂಬಳದ ಕೆಲಸದ ಭಾಗವಾಗಿ ಬರುತ್ತಿದ್ದರೆ, ಆ ನಟರಿಗೂ ಸಭೆಯ ಗಂಟೆಗಳಿಗೆ ಹಣ ಕೊಡಿ.

2. ನಾಟಕಕ್ಕಿಂತ ಮೊದಲು ಲೆಕ್ಕ

ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಮೊದಲು ನಾಟಕ ಆರಿಸುತ್ತಾರೆ, ಹದಿನಾಲ್ಕು ಪಾತ್ರ ಎಂದು ಗೊತ್ತಾಗುತ್ತದೆ, ಸೆಟ್ಟಿಗೆ, ಹಾಲ್ ಬಾಡಿಗೆಗೆ ದುಡ್ಡು ಎತ್ತಿಡುತ್ತಾರೆ. ಉಳಿದದ್ದನ್ನು ನಟರಿಗೆ ಹಂಚೋಣ ಎನ್ನುತ್ತಾರೆ. ಉಳಿಯುವುದೇ ಇಲ್ಲ. ಹಾಗಾಗಿ ತಿರುಗಾ ಮುರುಗಾ ಮಾಡಿ. ನಟರ ಸಂಬಳ ಬರೆದು, ಉಳಿದ ಹಣದಲ್ಲಿ ಎಂಥ ಸೆಟ್ ಆಗುತ್ತದೆ ನೋಡಿ. ಹದಿನಾಲ್ಕು ಜನರಿಗೆ ಕೊಡಲು ಆಗದಿದ್ದರೆ ನಾಲ್ಕೇ ಜನರ ನಾಟಕ ಮಾಡಿ. ಖಾಲಿ ರಂಗ, ಎರಡು ಬೆಂಚು, ಒಳ್ಳೆಯ ನಟರು ಇದ್ದರೆ ನಾಟಕ ಆಗುತ್ತದೆ.

ಲೆಕ್ಕ ಗಂಟೆಯ ಮೇಲೆ ಇರಲಿ, ಪ್ರದರ್ಶನದ ಮೇಲೆ ಬೇಡ. ಯಾಕೆ ಅಂತ ಒಂದು ಉದಾಹರಣೆಯಿಂದ ನೋಡೋಣ. ಎಂಟು ವಾರ ತಾಲೀಮು, ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ. ಅದು 72 ಗಂಟೆ. ಲೈಟ್, ಸೌಂಡ್ ಹೊಂದಿಸುವ ಒಂದು ದಿನ, ಗ್ರ್ಯಾಂಡ್ ರಿಹರ್ಸಲ್‌ಗೆ ಒಂದು ದಿನ, ತಲಾ ಆರು ಗಂಟೆ ಎಂದರೆ 12. ನಾಲ್ಕು ಪ್ರದರ್ಶನ, ಮೇಕಪ್ಪಿನಿಂದ ಹಿಡಿದು ವೇಷ ಕಳಚುವವರೆಗೆ ಐದೈದು ಗಂಟೆ ಎಂದರೆ 20. ವೇಷದ ಅಳತೆ, ಫೋಟೊ, ಪತ್ರಿಕೆಯವರ ಜೊತೆ ಮಾತು ಇವಕ್ಕೆಲ್ಲ 4. ಒಟ್ಟು 108 ಗಂಟೆ. ಆರು ನಟರಿದ್ದರೆ 648 ಗಂಟೆ. "ಶೋ ಒಂದಕ್ಕೆ ಇಷ್ಟು" ಎಂದು ಪ್ರದರ್ಶನಕ್ಕೆ ಮಾತ್ರ ಹಣ ಕೊಟ್ಟರೆ 108ರಲ್ಲಿ 20 ಗಂಟೆಗೆ ಮಾತ್ರ ಕೊಟ್ಟಂತಾಯಿತು. ಐದನೇ ಒಂದು ಭಾಗವೂ ಇಲ್ಲ. ಉಳಿದದ್ದು ಬಿಟ್ಟಿ ದುಡಿಮೆ.

ಗಂಟೆಯ ದರ ಎಲ್ಲ ನಟರಿಗೂ ಒಂದೇ ಇರಲಿ. ಮಾತಿಲ್ಲದ ಪಾತ್ರ, ಸಣ್ಣ ಪಾತ್ರ, ನಿಧಾನವಾಗಿ ಕಲಿಯುವವರು ಎಂಬ ಕಾರಣಕ್ಕೆ ಕಡಿಮೆ ಮಾಡಬೇಡಿ. ದರ ನಿಮ್ಮಲ್ಲಿನ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಲೇಬಾರದು. ಅಲ್ಲಿ ವೃತ್ತಿಪರ ನಟರ ಸಂಘದ ದರ ಅಂತ ಒಂದಿದ್ದರೆ ಅದನ್ನೇ ಹಿಡಿಯಿರಿ.

ಸಂಬಳದ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಅನುಕೂಲತೆಯ ಖರ್ಚು. ಸನ್ನೆ ಭಾಷೆಯ ದುಭಾಷಿಗಳು, ವೈಯಕ್ತಿಕ ಸಹಾಯಕರು, ವೀಲ್‌ಚೇರ್ ಹತ್ತುವ ಗಾಡಿ, ಬ್ರೈಲ್ ಅಥವಾ ದೊಡ್ಡ ಅಕ್ಷರದ ಸ್ಕ್ರಿಪ್ಟ್, ರಿಹರ್ಸಲ್ ರೂಮನ್ನು ಹೆಚ್ಚು ಹೊತ್ತು ಹಿಡಿಯುವ ಬಾಡಿಗೆ ಎಲ್ಲ ಇಲ್ಲಿ ಸೇರುತ್ತದೆ. ಇದು ಸಣ್ಣ ಮೊತ್ತ ಅಲ್ಲ. ತಂಡದಲ್ಲಿ ಒಬ್ಬ ಕಿವುಡ ನಟಿ ಇದ್ದಾರೆ ಎಂದುಕೊಳ್ಳಿ. ದುಭಾಷಿಗಳು ಇಬ್ಬರು ಬೇಕು. ಒಬ್ಬರೇ ಒಂದೇ ಸಮನೆ ಕೆಲಸ ಮಾಡಿದರೆ ಕೈ, ತಲೆ ಎರಡೂ ದಣಿದು ಅನುವಾದ ಕೆಡುತ್ತದೆ. ಹಾಗಾಗಿ 20 ನಿಮಿಷಕ್ಕೊಮ್ಮೆ ಬದಲಾಗುವುದು ರೂಢಿ. 108 ಗಂಟೆಗೆ ಇಬ್ಬರೆಂದರೆ 216 ಗಂಟೆಯ ಖರ್ಚು. ಈ ಹಣ ಆ ನಟಿಯ ಸಂಬಳದಿಂದ ಕಳೆಯುವಂಥದ್ದಲ್ಲ. ಹಾಲ್ ಬಾಡಿಗೆಯ ಹಾಗೆ ಇದೂ ತಂಡದ ಖರ್ಚು. ಅನುದಾನದ ಅರ್ಜಿಯಲ್ಲಿ ಇದನ್ನು ಬೇರೆ ಸಾಲಾಗಿಯೇ ತೋರಿಸಿ. ಬೇರೆ ಖರ್ಚಿನೊಳಗೆ ಅಡಗಿಸಿದರೆ, ಬಜೆಟ್ ಕಡಿತ ಆದಾಗ ಮೊದಲು ಹೋಗುವುದು ಅದೇ.

ದುಡ್ಡು ಎಲ್ಲಿಂದ? ಕಲಾ ಅನುದಾನ, ಸ್ಥಳೀಯ ಸಂಸ್ಥೆಗಳು, ಕಂಪನಿಗಳ ಸಾಮಾಜಿಕ ನಿಧಿ, ದಾನಿಗಳು, ಶಾಲಾ ಕಾಲೇಜುಗಳಲ್ಲಿ ಶುಲ್ಕ ಪಡೆದು ಮಾಡುವ ಕಾರ್ಯಾಗಾರಗಳು. ಟಿಕೆಟ್ ಹಣ ಕೊನೆಗೆ. ಸಂಬಳವನ್ನು ಟಿಕೆಟ್ ಮಾರಾಟಕ್ಕೆ ಗಂಟು ಹಾಕಲೇಬೇಡಿ. ಮಳೆ ಬಂದು ಅರ್ಧ ಹಾಲ್ ಖಾಲಿ ಉಳಿದರೆ ಅದು ನಟರ ತಪ್ಪಲ್ಲ. ನನ್ನ ಪ್ರಕಾರ ಸಂಬಳದ ಪೂರ್ತಿ ಹಣ ಬ್ಯಾಂಕಿನಲ್ಲಿ ಬರುವ ತನಕ ಮೊದಲ ತಾಲೀಮಿನ ದಿನ ಗೊತ್ತು ಮಾಡಬಾರದು.

ಇನ್ನೊಂದು ಮುಖ್ಯ ವಿಷಯ. ಹಲವು ದೇಶಗಳಲ್ಲಿ ಅಂಗವಿಕಲರ ಪಿಂಚಣಿ ಅಥವಾ ಭತ್ಯೆಗೆ ಆದಾಯದ ಮಿತಿ ಇರುತ್ತದೆ. ನೀವು ಒಳ್ಳೆಯ ಮನಸ್ಸಿನಿಂದ ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಹಾಕಿದರೆ ಆ ತಿಂಗಳು ಮಿತಿ ದಾಟಿ, ವರ್ಷಗಟ್ಟಲೆ ಬರುತ್ತಿದ್ದ ಭತ್ಯೆ ನಿಂತುಹೋಗಬಹುದು. ಮತ್ತೆ ಶುರು ಮಾಡಿಸಲು ಅವರು ಕಚೇರಿ ಕಚೇರಿ ಅಲೆಯಬೇಕು. ಹಾಗಾಗಿ ಒಪ್ಪಂದಕ್ಕೆ ಮೊದಲೇ ಪ್ರತಿ ನಟರ ಜೊತೆ ಗುಟ್ಟಾಗಿ ಕೂತು, ತಿಳಿದವರನ್ನು ಕೇಳಿ, ಕಂತು ಹೇಗಿರಬೇಕು ಎಂದು ಅವರೇ ಹೇಳುವಂತೆ ಮಾಡಿ. ಮಿತಿಯ ನೆಪ ಹೇಳಿ ಸಂಬಳ ಕೊಡದೇ ಇರುವುದು ಮಾತ್ರ ಪರಿಹಾರ ಅಲ್ಲ. ಈ ನೆಪವನ್ನು ಬೇಕಾದಷ್ಟು ತಂಡಗಳು ಆರಾಮಾಗಿ ಬಳಸುತ್ತವೆ.

ಹಣ ನಟರ ಹೆಸರಿನ ಖಾತೆಗೇ ಹೋಗಲಿ. ಅಪ್ಪ, ಅಮ್ಮ, ಅಣ್ಣ, ಸಂಸ್ಥೆಯ ಮ್ಯಾನೇಜರ್, ಯಾರ ಕೈಗೂ ಬೇಡ. ಖಾತೆ ಇಲ್ಲದಿದ್ದರೆ ಮಾಡಿಸಲು ನೆರವಾಗಿ. ಪ್ರತಿ ಸಲ ಸಂಬಳದ ಚೀಟಿ ಕೊಡಿ: ಎಷ್ಟು ಗಂಟೆ, ಎಷ್ಟು ದರ, ಎಷ್ಟು ಕಡಿತ. ಎರಡು ವಾರಕ್ಕೊಮ್ಮೆ ಕೊಟ್ಟರೆ ಒಳ್ಳೆಯದು. "ಶೋ ಮುಗಿದ ಮೇಲೆ ಒಟ್ಟಿಗೆ" ಎಂದರೆ ತಾಲೀಮಿಗೆ ಬರುವ ಆಟೊ ಖರ್ಚನ್ನೂ ಅವರೇ ಎರಡು ತಿಂಗಳು ಸಾಲವಾಗಿ ನಿಮಗೆ ಕೊಟ್ಟ ಹಾಗೆ.

3. ಒಪ್ಪಂದ

ಎರಡು ಪುಟ ಸಾಕು. ಸಣ್ಣ ವಾಕ್ಯ, ದೊಡ್ಡ ಅಕ್ಷರ, ಒಂದು ವಾಕ್ಯಕ್ಕೆ ಒಂದೇ ವಿಷಯ. ಬೇಕಾದವರಿಗೆ ಪಕ್ಕದಲ್ಲಿ ಚಿತ್ರ, ಇಲ್ಲವೇ ಆಡಿಯೊ, ಸನ್ನೆ ಭಾಷೆಯ ವಿಡಿಯೊ. ದರ, ದಿನಾಂಕಗಳು, ಹಣ ಬರುವ ದಿನ, ಹುಷಾರಿಲ್ಲದಾಗ ಏನು, ಪ್ರದರ್ಶನ ರದ್ದಾದರೆ ಏನು, ಬಿಟ್ಟು ಹೋಗಬೇಕೆನಿಸಿದರೆ ಏನು, ದೂರು ಯಾರಿಗೆ ಹೇಳಬೇಕು, ಇವೆಲ್ಲ ಇರಲಿ. ರದ್ದಾದ ಪ್ರದರ್ಶನಕ್ಕೂ ಹಣ ಕೊಡುವ ಸಾಲು ಬರೆಯಿರಿ. ನಟರೇ ಮಾತು ಕಟ್ಟಿ, ತಾಲೀಮಿನಲ್ಲಿ ಆಗಿಂದಾಗಲೇ ದೃಶ್ಯ ಹುಟ್ಟಿಸಿ ನಾಟಕ ಬೆಳೆಸುತ್ತಿದ್ದರೆ ರಚನೆಯಲ್ಲಿ ಅವರ ಹೆಸರು ಬರಬೇಕು. ಮುಂದೆ ಆ ನಾಟಕದಿಂದ ಹಣ ಬಂದರೆ ಪಾಲೂ ಬರಬೇಕು.

ಫೋಟೊ, ವಿಡಿಯೊ ಒಪ್ಪಿಗೆ ಬೇರೆ ಕಾಗದದಲ್ಲಿರಲಿ. ರಂಗದ ಮೇಲೆ ಕಾಣಿಸಿಕೊಳ್ಳುವುದು ಒಂದು, ಅಳುತ್ತಿರುವ ಮುಖ ದಾನಿಗಳ ಪೋಸ್ಟರಿನಲ್ಲಿ ಬರುವುದು ಇನ್ನೊಂದು.

ಕಾಗದ ಕೊಟ್ಟ ಕೂಡಲೇ ಸಹಿ ಹಾಕಿಸಬೇಡಿ. ಒಂದು ವಾರ ಬಿಡಿ. ನಂಬಿಕೆಯವರ ಜೊತೆ ಓದಿಕೊಂಡು ಬರಲಿ. ವಿಶ್ವಸಂಸ್ಥೆಯ ಆ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ನಿರ್ಧಾರ ಮಾಡಲು ನೆರವು ಬೇಕಾದರೆ ನೆರವು ಸಿಗಬೇಕು, ನಿರ್ಧಾರ ಆ ವ್ಯಕ್ತಿಯದೇ ಆಗಿರಬೇಕು. ಕಾನೂನು ಪ್ರಕಾರ ಪಾಲಕರ ಸಹಿಯೂ ಬೇಕಾದ ಕಡೆ ಅದನ್ನೂ ಪಡೆಯಿರಿ. ಆದರೆ ನಟರ ಒಪ್ಪಿಗೆ ಇಲ್ಲದೆ ಪಾಲಕರ ಸಹಿ ಒಂದನ್ನೇ ಹಿಡಿದು ಮುಂದುವರಿಯಬೇಡಿ.

4. ನಟರನ್ನು ಆರಿಸುವುದು

ಒಂದು ಪುಟ ಕೊಟ್ಟು "ಓದಿ ತೋರಿಸಿ" ಎನ್ನುವ ಆಡಿಷನ್ನಿನಲ್ಲಿ ಓದುವ ವೇಗ ಗೊತ್ತಾಗುತ್ತದೆ, ನಟನೆ ಗೊತ್ತಾಗುವುದಿಲ್ಲ. ಬದಲಿಗೆ ಎರಡು ಮೂರು ಗಂಟೆಯ ಕಾರ್ಯಾಗಾರ ಮಾಡಿ. ಎಂಟು ಹತ್ತು ಜನರ ಗುಂಪು. ಆಟ, ಚಲನೆ, ಇಬ್ಬಿಬ್ಬರ ಸಣ್ಣ ದೃಶ್ಯ. ಯಾರು ಎದುರಿನವರನ್ನು ನೋಡುತ್ತಾರೆ, ಯಾರು ಸುಮ್ನೆ ನಿಂತರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಹೇಳಿದ್ದನ್ನು ಎರಡನೇ ಸಲ ಯಾರು ಬದಲಿಸಿ ಮಾಡುತ್ತಾರೆ, ಅದನ್ನು ನೋಡಿ. ಏನೇನು ನಡೆಯುತ್ತದೆ, ಕೋಣೆ ಹೇಗಿದೆ, ಯಾರು ಇರುತ್ತಾರೆ ಎಂಬುದನ್ನು ಫೋಟೊ ಸಮೇತ ಮೊದಲೇ ಕಳಿಸಿ.

"ನಿಮಗೇನು ಕಾಯಿಲೆ?" ಎಂದು ಕೇಳಬೇಡಿ. "ಚೆನ್ನಾಗಿ ಕೆಲಸ ಮಾಡಲು ನಿಮಗೆ ಏನು ಬೇಕು? ಯಾವುದು ಕಷ್ಟ ಕೊಡುತ್ತದೆ?" ಎಂದು ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ ಒಂದು ಪುಟ ಬರೆದಿಟ್ಟುಕೊಳ್ಳಿ. ಸುಸ್ತು ಶುರುವಾಗುವ ಹೊತ್ತು, ಔಷಧಿಯ ಸಮಯ, ಮುಟ್ಟಿ ಕರೆಯಬಹುದೇ, ಸೂಚನೆ ಬರೆದು ಕೊಟ್ಟರೆ ಒಳ್ಳೆಯದೇ ಎಂಬಂಥ ವಿಷಯಗಳು. ಈ ಪುಟವನ್ನು ಯಾರ್ಯಾರು ನೋಡಬಹುದು ಎಂಬುದನ್ನೂ ಅವರೇ ಹೇಳಲಿ. ಅಂಗವೈಕಲ್ಯ ಇಲ್ಲದ ನಟರೂ ಇದನ್ನು ತುಂಬಲಿ. ಬೆನ್ನುನೋವು, ಪುಟ್ಟ ಮಗು, ರಾತ್ರಿ ಪಾಳಿ ಎಲ್ಲ ಹೊರಗೆ ಬರುತ್ತದೆ.

ಆಯ್ಕೆ ಆಗದವರಿಗೆ ಆಗಲಿಲ್ಲ ಎಂದೇ ಹೇಳಿ, ಕಾರಣವನ್ನೂ ಹೇಳಿ. ಸಂಬಳದ ಕೆಲಸದಲ್ಲಿ ಎಲ್ಲರೂ ಆಯ್ಕೆ ಆಗುವುದಿಲ್ಲ. ಎಲ್ಲರಿಗೂ ಏನಾದರೊಂದು ಪಾತ್ರ ಕೊಟ್ಟುಬಿಡೋಣ ಎನ್ನುವ ಕರುಣೆಯಿಂದ ನಾಟಕವೂ ಕೆಡುತ್ತದೆ, ಆಯ್ಕೆಯಾದವರ ಮರ್ಯಾದೆಯೂ ಹೋಗುತ್ತದೆ.

5. ಜಾಗ

ಹಾಲ್‌ನವರು ಫೋನಿನಲ್ಲಿ "ರಾಂಪ್ ಇದೆ ಸಾರ್" ಎಂದರೆ ನಂಬಬೇಡಿ. ವೀಲ್‌ಚೇರ್ ಬಳಸುವ ಸಹೋದ್ಯೋಗಿಯ ಜೊತೆ ಹೋಗಿ ನೋಡಿ, ಅವರ ಆ ಸಮಯಕ್ಕೂ ಹಣ ಕೊಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ರಾಂಪಿನ ಸಾಮಾನ್ಯ ಅಳತೆ. ಬಾಗಿಲು 900 ಮಿಲಿಮೀಟರ್ ಅಗಲ ಇದ್ದರೆ ನಿರಾಳ. ಚೇರ್ ತಿರುಗಿಸಲು 1500 ಮಿಲಿಮೀಟರ್ ವ್ಯಾಸದ ಜಾಗ ಬೇಕು. ಟಾಯ್ಲೆಟ್ ಒಳಗೆ ಇಷ್ಟು ಜಾಗ ಇದೆಯೇ ಎಂದು ಬಾಗಿಲು ಹಾಕಿಕೊಂಡೇ ನೋಡಬೇಕು.

ಸುಮಾರು ರಂಗಮಂದಿರಗಳಲ್ಲಿ ಪ್ರೇಕ್ಷಕರ ಕಡೆಗೆ ರಾಂಪ್ ಇರುತ್ತದೆ. ರಂಗಕ್ಕೆ, ಗ್ರೀನ್ ರೂಮಿಗೆ ಮೆಟ್ಟಿಲು. ವೀಲ್‌ಚೇರ್‌ನವರು ನೋಡಲು ಬರಬಹುದು, ಆಡಲು ಬರುವುದಿಲ್ಲ ಎಂದು ಕಟ್ಟಿದವರು ಅಂದುಕೊಂಡಿದ್ದರೋ ಏನೋ! ಅಂಥ ಕಡೆ ರಂಗವನ್ನೇ ನೆಲಕ್ಕೆ ಇಳಿಸಿ, ಪ್ರೇಕ್ಷಕರನ್ನು ಸುತ್ತ ಕೂರಿಸಿ ಆಡಬಹುದು. ನಟರನ್ನು ಎತ್ತಿಕೊಂಡು ಹೋಗುವ ಐಡಿಯಾ ಮಾತ್ರ ಬೇಡ.

ತಾಲೀಮಿನ ಕೋಣೆಯ ಪಕ್ಕ ಇನ್ನೊಂದು ಸಣ್ಣ ಕೋಣೆ ಬೇಕು. ಗದ್ದಲ ಸಾಕಾದವರು ಹೋಗಿ ಕೂರುವುದಕ್ಕೆ. ಪ್ರತಿಧ್ವನಿ ಜಾಸ್ತಿ ಇರುವ, ಟ್ಯೂಬ್‌ಲೈಟ್ ಮಿಣುಕುವ ಕೋಣೆ ಬಾಡಿಗೆ ಕಡಿಮೆ ಇದ್ದರೂ ಬೇಡ.

6. ತಾಲೀಮು

ಮೂರು ಗಂಟೆಯ ತಾಲೀಮು ಎಂದರೆ ಎರಡೂಕಾಲು ಗಂಟೆಯ ಕೆಲಸ. ಉಳಿದದ್ದು ವಿರಾಮ. ವಿರಾಮಕ್ಕೂ ಸಂಬಳ ಇದೆ. ದಿನದ ಕ್ರಮವನ್ನು ಬೋರ್ಡಿನಲ್ಲಿ ಬರೆಯಿರಿ, ಪಕ್ಕದಲ್ಲಿ ಚಿತ್ರ ಹಾಕಿ, ಮುಗಿದದ್ದನ್ನು ಅಳಿಸುತ್ತಾ ಹೋಗಿ. ಕ್ರಮ ಬದಲಾದರೆ ಎಲ್ಲರಿಗೂ ಹೇಳಿ ಬದಲಿಸಿ.

ಮಾತು ಕಲಿಯಲು ನೂರು ದಾರಿ ಇವೆ. ಓದಲು ಕಷ್ಟ ಇರುವವರಿಗೆ ಎದುರು ಪಾತ್ರದ ಮಾತುಗಳನ್ನು ರೆಕಾರ್ಡ್ ಮಾಡಿ, ಇವರ ಮಾತಿನ ಜಾಗ ಖಾಲಿ ಬಿಟ್ಟು ಕಳಿಸಿ. ಕೆಲವರಿಗೆ ಮಾತು ಮೈಯ ಜೊತೆ ಕೂರುತ್ತದೆ. ಕುರ್ಚಿ ಹಿಡಿದಾಗ ಈ ಮಾತು, ಕಿಟಕಿ ತೆರೆದಾಗ ಆ ಮಾತು. ಕೆಲವರಿಗೆ ಬರೆದ ಮಾತು ಬೇಡವೇ ಬೇಡ. ದೃಶ್ಯದಲ್ಲಿ ಏನಾಗಬೇಕು ಎಂದು ತಿಳಿದಿದ್ದರೆ ಸಾಕು, ಮಾತು ಅವರೇ ಕಟ್ಟುತ್ತಾರೆ, ಎಷ್ಟೋ ಸಲ ನಿಮ್ಮ ಸ್ಕ್ರಿಪ್ಟಿಗಿಂತ ಚೆನ್ನಾಗಿ. ಮರೆತರೆ ನೆನಪಿಸುವವರನ್ನು ಸೈಡ್ ವಿಂಗಿನಲ್ಲಿ ಬಚ್ಚಿಡುವ ಬದಲು ಪಾತ್ರ ಮಾಡಿ ರಂಗದ ಮೇಲೇ ಕೂರಿಸಬಹುದು.

ಕಣ್ಣು ಕಾಣದ ನಟರಿಗೆ ನೆಲದ ಮೇಲೆ ಕಾಲಿಗೆ ಸಿಗುವ ದಪ್ಪ ಪಟ್ಟಿ ಅಂಟಿಸಿ, ಅಥವಾ ದಾರಿ ತೋರುವಂತೆ ಚಾಪೆ ಹಾಕಿ. ರಂಗದ ತುದಿಯನ್ನು ಬೇರೆ ಬಗೆಯ ಪಟ್ಟಿಯಿಂದ ಗುರುತಿಸಿ. ಇದು ಜೀವದ ಪ್ರಶ್ನೆ. ಸೆಟ್ಟಿನ ಒಂದು ಮೇಜು ಜರುಗಿಸಿದರೂ ಅವರಿಗೆ ಹೇಳಿ. "ಅಲ್ಲಿ ಹೋಗಿ" ಎನ್ನಬೇಡಿ, "ಎಡಕ್ಕೆ ನಾಲ್ಕು ಹೆಜ್ಜೆ" ಎನ್ನಿ. ಕಿವುಡ ನಟರಿಗೆ ಕ್ಯೂ, ಅಂದರೆ ತಮ್ಮ ಸರದಿ ಬಂತೆಂಬ ಸೂಚನೆ, ಕಣ್ಣಿಗೆ ಕಾಣಬೇಕು: ಲೈಟ್ ಬದಲಾವಣೆ, ಎದುರಿನವರ ತಿರುವು, ನೆಲದ ಅದುರು. ಹಿಂದಿನಿಂದ ಬರುವ ಮಾತಿನ ಮೇಲೆ ಕ್ಯೂ ಇಟ್ಟರೆ ಆ ದೃಶ್ಯ ಪ್ರತಿ ಸಲ ಮುಗ್ಗರಿಸುತ್ತದೆ.

ಸಹಾಯಕರ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಅವರು ಕೋಣೆಯ ಅಂಚಿನಲ್ಲಿ ಇರಲಿ, ಕರೆದಾಗ ಬರಲಿ. ನಟರಿಗೆ ಕೇಳಿದ ಪ್ರಶ್ನೆಗೆ ಅವರು ಉತ್ತರಿಸುವುದು, "ಹೀಗೆ ಮಾಡು" ಎಂದು ಅಭಿನಯ ಹೇಳಿಕೊಡುವುದು ಬೇಡ. ಅಮ್ಮಂದಿರು ಜೊತೆಗೆ ಬಂದರೆ ಇದು ಇನ್ನೂ ಕಷ್ಟ. ಪ್ರೀತಿಯಿಂದಲೇ ಬಾಗಿಲ ಹೊರಗಿನ ಕುರ್ಚಿ ತೋರಿಸಿ. ನಿರ್ದೇಶಕರೂ ದುಭಾಷಿಯನ್ನು ನೋಡಿ ಮಾತಾಡದೆ ನಟರನ್ನೇ ನೋಡಿ ಮಾತಾಡಬೇಕು.

ಇನ್ನು ನಿರ್ದೇಶನ. ಎಲ್ಲದಕ್ಕೂ "ವಾವ್, ಸೂಪರ್" ಎನ್ನುವ ನಿರ್ದೇಶಕರಿಂದ ಯಾರೂ ಏನೂ ಕಲಿಯುವುದಿಲ್ಲ. ದೃಶ್ಯ ಸಪ್ಪೆಯಾಗಿದ್ದರೆ ಸಪ್ಪೆ ಎನ್ನಿ. ಒಮ್ಮೆಗೆ ಎರಡೇ ತಿದ್ದುಪಡಿ ಕೊಡಿ, ಮಾಡಿ ತೋರಿಸಿ, ಆ ಕೂಡಲೇ ಮತ್ತೊಮ್ಮೆ ಮಾಡಿಸಿ. ಸಂಬಳ ಕೊಡುವುದರಿಂದ ನಿಮಗೆ ಬರುವ ಸ್ವಾತಂತ್ರ್ಯ ಇದು. ಬಿಟ್ಟಿ ಬಂದವರಿಗೆ ಬೈಯಲು ಬಾಯಿ ಬರುವುದಿಲ್ಲ, ಕೆಲಸಕ್ಕೆ ಬಂದವರ ಹತ್ತಿರ ಒಳ್ಳೆಯ ಕೆಲಸ ಕೇಳಬಹುದು. ಅವರಿಗೂ ಅದೇ ಸ್ವಾತಂತ್ರ್ಯ ಇದೆ. "ಇದು ನನ್ನ ಕೆಲಸದ ಹೊತ್ತಲ್ಲ", "ಈ ದೃಶ್ಯ ನಾನು ಮಾಡುವುದಿಲ್ಲ" ಎಂದು ಹೇಳಬಹುದು.

ಮುಖ್ಯ ಪಾತ್ರಗಳಿಗೆ ಬದಲಿ ನಟರನ್ನು ತಯಾರು ಮಾಡಿ, ಅವರಿಗೂ ತಾಲೀಮಿನ ಸಂಬಳ ಕೊಡಿ. ನೋವು ಅಥವಾ ಫಿಟ್ಸ್ ಬಂದ ದಿನ "ನಾನಿಲ್ಲದಿದ್ದರೆ ಶೋ ನಿಂತುಹೋಗುತ್ತದೆ" ಎಂಬ ಒತ್ತಡದಲ್ಲಿ ಯಾರೂ ರಂಗ ಹತ್ತಬಾರದು.

7. ಸುರಕ್ಷತೆ

ನಿಮ್ಮ ನಟರು ದೊಡ್ಡವರು. ಮಕ್ಕಳಿಗೆ ಮಾಡುವ ನಿಯಮ ತಂದು ಹೇರಬೇಡಿ. ಯಾರು ಯಾರ ಜೊತೆ ಸಿನಿಮಾಕ್ಕೆ ಹೋಗುತ್ತಾರೆ ಎಂಬುದು ತಂಡದ ವಿಷಯ ಅಲ್ಲ. ಆದರೆ ಅಧಿಕಾರ ಇರುವವರ ಮೇಲೆ ಕಡಿವಾಣ ಬೇಕು. ನಿರ್ದೇಶಕರು ನಟರನ್ನು ಒಬ್ಬೊಬ್ಬರನ್ನೇ ಮುಚ್ಚಿದ ಕೋಣೆಯಲ್ಲಿ ಕರೆಯಬಾರದು, ನಟರ ಹತ್ತಿರ ಸಾಲ ಕೇಳಬಾರದು. ತಬ್ಬಿಕೊಳ್ಳುವ, ಹೊಡೆಯುವ ದೃಶ್ಯಗಳನ್ನು ಎಲ್ಲಿ, ಹೇಗೆ, ಎಷ್ಟು ಹೊತ್ತು ಮುಟ್ಟುವುದು ಎಂದು ಹೆಜ್ಜೆ ಹೆಜ್ಜೆಯಾಗಿ ನಿಗದಿ ಮಾಡಿ, ಪ್ರತಿ ಶೋಗೆ ಮುಂಚೆ ಒಮ್ಮೆ ನಿಧಾನವಾಗಿ ಮಾಡಿ ನೋಡಿ. ದೂರು ಕೇಳುವವರು ತಂಡದ ಹೊರಗಿನವರಾಗಿರಲಿ. ಅವರ ಫೋಟೊ, ಫೋನ್ ನಂಬರ್ ಗ್ರೀನ್ ರೂಮಿನ ಗೋಡೆಯ ಮೇಲಿರಲಿ.

8. ಪ್ರದರ್ಶನ

ಕ್ಯಾಪ್ಷನ್ (ಮಾತನ್ನು ಅಕ್ಷರದಲ್ಲಿ ತೋರಿಸುವುದು), ಸನ್ನೆ ಭಾಷೆ, ಆಡಿಯೊ ವಿವರಣೆಯನ್ನು (ಕಾಣುವುದನ್ನು ಮಾತಿನಲ್ಲಿ ಹೇಳುವುದು) ಕೊನೆಯ ವಾರ ಅಂಟಿಸಿದರೆ ಅದು ಅಂಟಿಸಿದ ಹಾಗೇ ಕಾಣುತ್ತದೆ. ದುಭಾಷಿ ಮೂಲೆಯ ಕತ್ತಲಲ್ಲಿ, ಪ್ರೇಕ್ಷಕರ ಕತ್ತು ಅತ್ತಿಂದಿತ್ತ. ಮೊದಲ ದಿನದಿಂದಲೇ ನಾಟಕದ ಒಳಗೆ ತನ್ನಿ ಎಂಬುದು ಗ್ರೇಐ ತಂಡ ಪಳಗಿಸಿಕೊಂಡ ದಾರಿ. ಸನ್ನೆ ಮಾಡುವವರೂ ಪಾತ್ರ, ಕ್ಯಾಪ್ಷನ್ ಸೆಟ್ಟಿನ ಗೋಡೆಯ ಮೇಲೇ, "ಅವಳು ಬಾಗಿಲು ಮುಚ್ಚಿದಳು" ಎಂದು ಇನ್ನೊಂದು ಪಾತ್ರವೇ ಹೇಳಬಹುದು. ಕಣ್ಣು ಕಾಣದವರಿಗಾಗಿ ನಾಟಕವನ್ನು ವಿವರಿಸುವ ವ್ಯವಸ್ಥಿತ ಸೇವೆ 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್‌ನಲ್ಲಿ ಶುರುವಾಯಿತು. ಈಗ ಅದಕ್ಕೆ ದುಬಾರಿ ಉಪಕರಣವೇ ಬೇಕಿಲ್ಲ, ಫೋನ್, ಇಯರ್‌ಫೋನ್ ಸಾಕು. ಶೋಗೆ ಮೊದಲು ಕಣ್ಣು ಕಾಣದ ಪ್ರೇಕ್ಷಕರನ್ನು ರಂಗಕ್ಕೆ ಕರೆದು ವೇಷ, ಸಾಮಾನು ಮುಟ್ಟಿ ನೋಡಲು ಬಿಡಿ.

ಒಂದು ಶೋ ರಿಲ್ಯಾಕ್ಸ್ಡ್ ಆಗಿರಲಿ. ಹಾಲ್ ಪೂರ್ತಿ ಕತ್ತಲಾಗದು, ಸೌಂಡ್ ತಗ್ಗಿರುತ್ತದೆ, ಎದ್ದು ಹೋಗಿ ಮತ್ತೆ ಬರಬಹುದು, ಸದ್ದು ಮಾಡಿದರೆ ಯಾರೂ ಶ್ ಎನ್ನುವುದಿಲ್ಲ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇನಲ್ಲಿ ಆಟಿಸಂ ಇರುವವರಿಗೆ ಹೊಂದುವಂಥ ಶೋ ಮೊದಲ ಬಾರಿ ಆದದ್ದು 2011ರಲ್ಲಿ. ನನ್ನನ್ನು ಕೇಳಿದರೆ ಎಲ್ಲ ಶೋಗಳೂ ಹೀಗೇ ಇರಬಹುದು. ಮಿಂಚುವ ಲೈಟ್ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಹೊಡೆದರೆ ಕೆಲವರಿಗೆ ಫಿಟ್ಸ್ ಬರುವ ಅಪಾಯ ಇದೆ. ಅಂಥ ಲೈಟ್ ಬಿಟ್ಟೇಬಿಡಿ.

ಪ್ರಚಾರದ ಬಗ್ಗೆ ಎರಡೇ ಮಾತು. ಪೋಸ್ಟರಿನಲ್ಲಿ ಕಥೆ ಏನು ಎಂದು ಬರೆಯಿರಿ, ನಟರ ಕಷ್ಟದ ಕಥೆ ಬೇಡ. ವಿಮರ್ಶಕರಿಗೆ ಪುಕ್ಕಟೆ ಟಿಕೆಟ್ ಕಳಿಸಿ, ದಯೆ ತೋರಿಸಬೇಡಿ ಎಂದು ಹೇಳಿಯೇ ಕಳಿಸಿ.

9. ಶೋ ಮುಗಿದ ಮೇಲೆ

ಕೊನೆಯ ಕಂತು ಹೇಳಿದ ದಿನವೇ ಹಾಕಿ. ಎರಡು ವಾರದೊಳಗೆ ಎಲ್ಲರನ್ನೂ ಕೂರಿಸಿ ಲೆಕ್ಕ ತೋರಿಸಿ: ಬಂದದ್ದು, ಹೋದದ್ದು, ಉಳಿದದ್ದು. ದೊಡ್ಡ ಹಾಳೆಯಲ್ಲಿ ಬಣ್ಣದ ಪಟ್ಟಿ ಎಳೆದರೆ ಅಂಕಿ ಓದದವರಿಗೂ ಸೆಟ್ಟಿಗೆ ಎಷ್ಟು ಹೋಯಿತು, ತಮಗೆ ಎಷ್ಟು ಬಂತು ಎಂದು ಕಾಣುತ್ತದೆ. ನಿರ್ದೇಶನ, ಲೈಟ್, ಬರವಣಿಗೆಯಲ್ಲಿ ಆಸಕ್ತಿ ಇರುವ ನಟರನ್ನು ಮುಂದಿನ ನಾಟಕಕ್ಕೆ ಸಹಾಯಕರಾಗಿ ಸೇರಿಸಿ, ಸಂಬಳದ ಮೇಲೆಯೇ. ಬೇರೆ ತಂಡದವರು ಕರೆದರೆ ಹೋಗಲು ಬಿಡಿ. ಕರೆಸಿಕೊಂಡವರಿಗೆ ನಿಮ್ಮ ಗಂಟೆಯ ದರ ಎಷ್ಟೆಂದು ಮೊದಲೇ ತಿಳಿಸಿಬಿಡಿ, ಆಗ ಚೌಕಾಸಿಗೆ ಅವಕಾಶ ಕಡಿಮೆ. ಆ ಲೆಕ್ಕದ ಸಭೆಯಲ್ಲಿ ಯಾರಾದರೂ "ಮುಂದಿನ ಸಲ ದರ ಜಾಸ್ತಿ ಮಾಡಿ" ಎಂದರೆ ಗಾಬರಿ ಬೀಳಬೇಡಿ. ಕೇಳಿದ ಮೊತ್ತವನ್ನು ಬರೆದುಕೊಂಡು, 648 ಗಂಟೆಗೆ ಗುಣಿಸಿ, ಮುಂದಿನ ಅನುದಾನದ ಅರ್ಜಿಯ ಮೊದಲ ಸಾಲಿನಲ್ಲೇ ಹಾಕಿ.